ಅಮ್ಮಣ್ಣಿ ಎಂದರೆ ಮೂರಕ್ಷರ

ಜೀವನ್ ಬಿಮಾ ನಗರ
೯ ಜೂನ್ ೨೦೨೪

ಶಿಶಿರ,

ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಹಿಂದಿಯಲ್ಲಿ ಮಾತಾಡುತ್ತಾರೆ. ಕಗ್ಗದಾಸಪುರದ ಈ ವಿಳಾಸ ನನಗೆ ಸಿಕ್ಕಿದ್ದು ನಿನ್ನ ಪಾಲಿಸಿಯ ಕಡತದಲ್ಲಿ. ವಿಮೆ ಆಫೀಸಿನಲ್ಲಿ ಕೆಲಸ ಮಾಡುವವಳು ಹಾಗೆಲ್ಲ ನೋಡಬಾರದು, ಆದರೂ ನೋಡಿದೆ. ಒಂದು ಆಟೊ ಹತ್ತಿದರೆ ಬರುವಷ್ಟು ಹತ್ತಿರದಲ್ಲಿದ್ದೀಯ ಎಂದು ಗೊತ್ತಾದಾಗ ಸಿಟ್ಟು ಬಂತು. ಬಂದು ಬಾಗಿಲು ತಟ್ಟಬಹುದಿತ್ತು. ನೀನು ತೆಗೆಯದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ವಾಪಸು ಬರಲಿ? ಅದಕ್ಕೇ ಈ ಕಾಗದ.

ಏಪ್ರಿಲ್‌ನಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕುತ್ತಾ ನಿಂತಿದ್ದವಳು ಹಾಗೇ ಒಂದು ಕಡೆಗೆ ವಾಲಿಬಿಟ್ಟಳು. ಬಲಗೈ, ಬಲಗಾಲು ಸೋತಿವೆ. ಈಗ ಗೋಡೆ ಹಿಡಿದುಕೊಂಡು ಓಡಾಡುತ್ತಾಳೆ, ನಿಂತಲ್ಲಿ ನಿಲ್ಲುವುದಿಲ್ಲ. ಹೋಗಿರುವುದು ಮಾತು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಹೇಳಲು ಹೊರಟರೆ ಬಾಯಿಗೆ ಬರುವುದು ಒಂದೇ ಪದ, ‘ಬೇಡ’. ಕಾಫಿ ಕೊಟ್ಟರೆ ಬೇಡ ಎನ್ನುತ್ತಲೇ ಕುಡಿಯುತ್ತಾಳೆ. ಫ್ಯಾನ್ ಹಾಕು ಅನ್ನುವುದಕ್ಕೂ ಬೇಡ, ಬಾಗಿಲಿಗೆ ಯಾರೋ ಬಂದಿದ್ದಾರೆ ಅನ್ನುವುದಕ್ಕೂ ಬೇಡ. ಹೇಳಿದ ಮೇಲೆ ತಾನು ಹೇಳಿದ್ದು ಅದಲ್ಲ ಎಂದು ಅವಳಿಗೇ ಗೊತ್ತಾಗಿ ತೊಡೆಗೆ ಹೊಡೆದುಕೊಳ್ಳುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಹಲಸೂರಿನಲ್ಲಿ ನಾಜಿಶ್ ಎಂಬ ಸ್ಪೀಚ್ ಥೆರಪಿಸ್ಟ್ ಹತ್ತಿರ ವಾರಕ್ಕೆರಡು ಸಲ ಕರೆದುಕೊಂಡು ಹೋಗುತ್ತೇನೆ. ಅಮ್ಮನಿಗೆ ಓದುವುದು ಪೂರ್ತಿ ಹೋಗಿಲ್ಲ, ಅಕ್ಷರಗಳನ್ನು ಬಿಡಿಬಿಡಿಯಾಗಿ ಕೊಟ್ಟು ಪದ ಜೋಡಿಸಲು ಹೇಳಿ ಅಂದರು. ಕಾಗದ ಕತ್ತರಿಸಿ ಬರೆದುಕೊಟ್ಟೆ. ಒಂದೇ ಕೈಯಲ್ಲಿ ಹಿಡಿಯಲಾಗದೆ, ಚೂರುಗಳು ಫ್ಯಾನಿಗೆ ಹಾರಿಹೋಗಿ, ಅವಳು ಎಲ್ಲವನ್ನೂ ನೆಲಕ್ಕೆ ತಳ್ಳಿದಳು. ಇದನ್ನೇ ಫೋನಿನಲ್ಲಿ ಮಾಡಬಹುದಲ್ಲ? ಒಂದು ಪದ ಹಾಕಿದರೆ ಅಕ್ಷರಗಳಾಗಿ ಒಡೆದು, ಕಲಸಿ ತೋರಿಸಬೇಕು. ಅವಳು ಬೆರಳಿಂದ ಮುಟ್ಟಿ ಸರಿಯಾಗಿ ಜೋಡಿಸಬೇಕು. ನೀನು ಅದೇ ಕೆಲಸದವನು.

ಮನೆಗೆ ಬಾ ಎಂದು ಕರೆಯುತ್ತಿಲ್ಲ. ಇದೊಂದನ್ನು ಮಾಡಿಕೊಡು.

ಇಂತು,
ವಿಭಾ


ಕಗ್ಗದಾಸಪುರ
೨೩ ಜೂನ್

ಅಕ್ಕ,

ನಿನ್ನ ಪತ್ರವನ್ನು ಮನೆ ಮಾಲೀಕರು ಬೈಲಪ್ಪನವರು ಕೈಗೆ ಕೊಟ್ಟರು. ಈ ಕಾಲದಲ್ಲೂ ಕೈಯಲ್ಲಿ ಬರೆದು ಕಳಿಸುವವರಿದ್ದಾರಾ ಎಂದು ಅವರಿಗೆ ಆಶ್ಚರ್ಯ.

ಅಮ್ಮನ ವಿಷಯ ನನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು. ಕಾಲೊನಿಯ ತೇಜಶ್ರೀ ಮೆಸೇಜು ಮಾಡಿದ್ದಳು. ಮಾರನೆಯ ದಿನ ಆಸ್ಪತ್ರೆಗೆ ಬಂದೆ. ನೀನು ಔಷಧಿ ತರಲು ಕೆಳಗೆ ಹೋಗಿದ್ದೆಯಂತೆ. ಅಮ್ಮನಿಗೆ ಎಚ್ಚರವಿತ್ತು. ನನ್ನ ಮುಖ ನೋಡಿ ‘ಬೇಡ’ ಎಂದಳು. ಹತ್ತಿರ ಹೋದೆ, ಎಡಗೈ ಎತ್ತಿ ಮತ್ತೆ ಅದನ್ನೇ ಹೇಳಿದಳು. ನರ್ಸು ನನ್ನನ್ನೇ ನೋಡುತ್ತಿದ್ದಳು. ಲಿಫ್ಟಿಗೆ ಕಾಯದೆ ಮೆಟ್ಟಿಲಲ್ಲಿ ಇಳಿದು ಬಂದುಬಿಟ್ಟೆ.

ಅವಳಿಗೆ ಬರುವುದು ಅದೊಂದೇ ಪದ ಎಂದು ನೀನು ಬರೆದಿದ್ದನ್ನು ಓದಿದೆ. ಇರಬಹುದು. ಆದರೆ ಎರಡು ವರ್ಷದ ಹಿಂದೆ, ಬಾಯಿ ಚೆನ್ನಾಗಿದ್ದಾಗಲೇ, ಈ ಮನೆಗೆ ಬರಬೇಡ ಎಂದಿದ್ದಳು. ಆಸ್ಪತ್ರೆಯಲ್ಲಿ ಅಂದಿದ್ದು ಯಾವ ಬೇಡ ಅನ್ನುವುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಪ್ರೋಗ್ರಾಂ ಬರೆದಿದ್ದೇನೆ. ಅರ್ಧ ದಿನದ ಕೆಲಸ. ನನ್ನ ಹಳೆಯ ಫೋನಿಗೆ ಹಾಕಿ ಇದರ ಜೊತೆ ಕಳಿಸುತ್ತಿದ್ದೇನೆ. ಅದರಲ್ಲಿ ಸಿಮ್ ಇಲ್ಲ. ಮನೆಯ ವೈಫೈಗೆ ಸೇರಿಸಿದರೆ ನಾನು ಇಲ್ಲಿ ಬದಲಾಯಿಸಿದ್ದು ಅಲ್ಲಿಗೆ ತಾನಾಗೇ ಬರುತ್ತದೆ.

ಶಿಶಿರ್


ಜೀವನ್ ಬಿಮಾ ನಗರ
೨ ಜುಲೈ

ಶಿಶಿರ,

ಬಂದಿದ್ದೆಯಾ? ಮೂರು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಬೈದುಕೊಂಡು ಓಡಾಡಿದ್ದೇನೆ. ಈಗ ಆ ಬೈಗುಳವನ್ನೆಲ್ಲ ಎಲ್ಲಿಗೆ ಹಾಕಲಿ?

ಫೋನ್ ಬಂತು. ಅರ್ಧ ದಿನದ ಕೆಲಸ ಎಂದೆಯಲ್ಲ, ಅರ್ಧ ದಿನದ ಕೆಲಸದ ಹಾಗೇ ಇದೆ. ಮೊದಲು ಅವಳ ಹೆಸರನ್ನೇ ಹಾಕಿದೆ, ಅಮ್ಮಣ್ಣಿ. ಪರದೆಯ ಮೇಲೆ ಬಂದದ್ದನ್ನು ನೀನು ನೋಡಬೇಕಿತ್ತು. ಒಂದು ಅ, ಎರಡು ಮ, ಎರಡು ಣ. ಅವುಗಳ ಮಧ್ಯೆ ಚುಕ್ಕೆಯ ಸೊನ್ನೆಗೆ ಅಂಟಿಕೊಂಡ ಒಂದು ಗುಡಿಸು, ತಲೆ ಮುರಿದ ಕೊಂಬಿನಂಥವು ಎರಡು. ಒತ್ತೇ ಇಲ್ಲ. ಅಮ್ಮ ಆ ಸೊನ್ನೆಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ತನ್ನ ಕಣ್ಣೂ ಕೆಟ್ಟಿತು ಅಂದುಕೊಂಡಳು ಶಿಶಿರ. ಅಕ್ಷರ ಮರೆತುಹೋಗಿ ಹೀಗೆ ಕಾಣುತ್ತಿದೆ ಎಂದೇ ಅಂದುಕೊಂಡಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ನನಗೂ ಹಾಗೇ ಕಾಣುತ್ತಿದೆ, ತಪ್ಪು ಫೋನಿನದು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಅವತ್ತು ಊಟ ಮಾಡಲಿಲ್ಲ.

ಸರಿ ಮಾಡಲು ಆಗುತ್ತದೆಯೋ ಇಲ್ಲವೋ ಹೇಳು. ಆಗದಿದ್ದರೆ ನಾನು ಮತ್ತೆ ಕಾಗದ ಕತ್ತರಿಸುತ್ತೇನೆ.

ವಿಭಾ


ಕಗ್ಗದಾಸಪುರ
೮ ಜುಲೈ

ಅಕ್ಕ,

ತಪ್ಪು ನನ್ನದು. ಇಂಗ್ಲಿಷ್ ಪದಗಳಿಗೆ ಮಾಡುವ ಹಾಗೆ ಮಾಡಿಬಿಟ್ಟೆ, ತಿರುಗಿ ನೋಡಲಿಲ್ಲ.

ಏನಾಯಿತು ಎಂದು ಹೇಳುತ್ತೇನೆ. ನಾನು ಬರೆಯುವ ಭಾಷೆಯಲ್ಲಿ ‘ಸ್ಪ್ಲಿಟ್’ ಎಂದು ಒಂದು ಆಜ್ಞೆ ಇದೆ. ಒಂದು ಪದ ಕೊಟ್ಟರೆ ಅದನ್ನು ಒಡೆದು ಸಾಲಾಗಿ ಖಾನೆಗಳಲ್ಲಿ ಇಡುತ್ತದೆ. ಆ ಖಾನೆಗಳ ಸಾಲಿಗೆ ‘ಅರೇ’ ಎನ್ನುತ್ತೇವೆ. ನಮಗೆ ಅಮ್ಮಣ್ಣಿ ಎಂದರೆ ಅ, ಮ್ಮ, ಣ್ಣಿ. ಮೂರೇ ಅಕ್ಷರ, ಮೂರು ಖಾನೆ. ಯಂತ್ರದ ಹೊಟ್ಟೆಯಲ್ಲಿ ಹಾಗಿರುವುದಿಲ್ಲ. ಅಲ್ಲಿ ಮ ಬೇರೆ, ಅದಕ್ಕೆ ಒತ್ತು ಕೊಡಿಸುವ ಗುರುತು ಬೇರೆ, ಮತ್ತೊಂದು ಮ ಬೇರೆ, ಗುಡಿಸು ಬೇರೆ. ಒಡೆ ಎಂದರೆ ಎಲ್ಲವನ್ನೂ ಒಡೆದು ಎಂಟು ಖಾನೆಗೆ ಸುರಿದುಬಿಡುತ್ತದೆ. ಆ ಚುಕ್ಕೆಯ ಸೊನ್ನೆ ಎಂದರೆ ಇಲ್ಲೊಂದು ಅಕ್ಷರ ಇರಬೇಕಿತ್ತು ಎಂದು ಅರ್ಥ.

ಇದಕ್ಕೆಂದೇ ಸಿದ್ಧವಾಗಿರುವ ಇನ್ನೊಂದು ಉಪಾಯ ಹಾಕಿ ನೋಡಿದೆ. ಗುಡಿಸು ಅಂಟಿಕೊಂಡಿತು, ಒತ್ತಕ್ಷರ ಮಾತ್ರ ಇನ್ನೂ ಒಡೆಯುತ್ತಿತ್ತು. ಕೊನೆಗೆ ಒಡೆದ ಮೇಲೆ ಮತ್ತೆ ಜೋಡಿಸುವ ನಿಯಮವನ್ನು ನಾನೇ ಬರೆದೆ. ನಾಲ್ಕು ಸಂಜೆ ಹಿಡಿಯಿತು. ಕಷ್ಟದ ಪದಗಳನ್ನು ಹಾಕಿ ಪರೀಕ್ಷೆ ಮಾಡಿದ್ದೇನೆ. ಈಗ ಸರಿ ಇದೆ. ಅಮ್ಮನಿಗೆ ತೋರಿಸು. ಅವಳ ಕಣ್ಣಿಗೇನೂ ಆಗಿಲ್ಲ, ಮಗ ಅವಸರದವನು ಎಂದು ಹೇಳು. ಹೇಳದಿದ್ದರೂ ಪರವಾಗಿಲ್ಲ.

ಅವಳು ಜೋಡಿಸಿದ ಪದಗಳು ನನ್ನ ಕಂಪ್ಯೂಟರಿಗೂ ಬರುವ ಹಾಗೆ ಮಾಡಿದ್ದೇನೆ, ಎಲ್ಲಿ ತೊಡಕಾಗುತ್ತಿದೆ ಎಂದು ತಿಳಿಯಲು. ನಿನಗೆ ಇಷ್ಟವಿಲ್ಲದಿದ್ದರೆ ತೆಗೆಯುತ್ತೇನೆ.

ಹೊಸ ನಂಬರು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ತುರ್ತಿಗೆ ಮಾತ್ರ. ಫೋನಿನಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ.

ಶಿಶಿರ್


ಜೀವನ್ ಬಿಮಾ ನಗರ
೧೮ ಆಗಸ್ಟ್

ಶಿಶಿರ,

ಅವಳು ತನ್ನ ಹೆಸರು ಜೋಡಿಸಿದಳು. ಮೂರು ಚೌಕ, ಒಂದರ ಪಕ್ಕ ಒಂದು. ಜೋಡಿಸಿ, ಪರದೆ ತನ್ನ ಹೆಸರನ್ನು ಓದಿ ಹೇಳಿದಾಗ ಯಾರೋ ಕರೆದರು ಅನ್ನುವ ಹಾಗೆ ತಲೆ ಎತ್ತಿದಳು. ಆಮೇಲೆ ದಿನವೂ ಮಾಡುತ್ತಾಳೆ. ಅನ್ನ, ನೀರು, ಚಕ್ಕುಲಿ, ಹಲಸೂರು. ಫೋನಿಗೆ ಒಂದು ಚೀಲ ಹೊಲಿದು ಕೊರಳಿಗೆ ಹಾಕಿಕೊಟ್ಟಿದ್ದೇನೆ. ಮಾತು ಇನ್ನೂ ಅದೇ ಒಂದು. ನಾಜಿಶ್ ಕಾಯೋಣ ಅನ್ನುತ್ತಾರೆ. ನೀನು ಅಲ್ಲಿ ಕೂತು ನೋಡುತ್ತಿದ್ದರೆ ನೋಡು, ತೆಗೆಯಬೇಡ.

ಆದರೆ ನೀನು ಹಾಕಿದ ಪರೀಕ್ಷೆಯ ಪದಗಳನ್ನು ಅಳಿಸಿಲ್ಲ. ನಿನ್ನೆ ಪಟ್ಟಿಯಲ್ಲಿ ಅವಳ ಬೆರಳಿಗೆ ಅಪ್ಪನ ಹೆಸರು ಸಿಕ್ಕಿತು. ಶ್ರೀಕಂಠಯ್ಯ. ನಾನು ಅಡುಗೆಮನೆಯಲ್ಲಿದ್ದೆ. ಫೋನು ಆ ಹೆಸರನ್ನು ಹೇಳುವುದು, ಅವಳು ಮತ್ತೆ ಕಲಸುವುದು, ಮತ್ತೆ ಜೋಡಿಸುವುದು, ಫೋನು ಮತ್ತೆ ಹೇಳುವುದು. ಬಂದು ಕಿತ್ತುಕೊಳ್ಳಬೇಕಾಯಿತು. ಅಪ್ಪನ ಹೆಸರಿನಲ್ಲಿ ವರ್ಷಕ್ಕೊಂದು ತಿಥಿ ಮಾಡಲು ನಿನಗೆ ಆಗಲಿಲ್ಲ. ಯಂತ್ರ ಪರೀಕ್ಷೆ ಮಾಡಲು ಮಾತ್ರ ಅದೇ ಹೆಸರು ಬೇಕಾಯಿತೆ?

ವಿಭಾ


ಕಗ್ಗದಾಸಪುರ
೨೫ ಆಗಸ್ಟ್

ಅಕ್ಕ,

ಒತ್ತು, ಸೊನ್ನೆ, ದೀರ್ಘ ಮೂರೂ ಇರುವ ಪದ ಬೇಕಿತ್ತು. ಯೋಚನೆ ಮಾಡಿ ಹಾಕಿದ್ದಲ್ಲ, ಬೆರಳಿಗೆ ಬಂತು. ಆಮೇಲೆ ಪರದೆಯ ಮೇಲೆ ಶ್ರೀ, ಕಂ, ಠ, ಯ್ಯ ಎಂದು ಸರಿಯಾಗಿ ಬಂದಾಗ ನಾನೂ ಅದನ್ನು ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ.

ತಿಥಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಅವತ್ತು ಅಮ್ಮನ ಎದುರು ನಾನು ಕೂಗಾಡಿದ್ದೇ ನಿನಗೆ ನೆನಪಿರುವುದು. ನನಗೆ ನಂಬಿಕೆ ಇಲ್ಲದ್ದನ್ನು ಅಪ್ಪನ ಹೆಸರಿನಲ್ಲಿ ನಟಿಸಲಾರೆ ಎಂದೆ. ಅದನ್ನು ಮೆಲ್ಲಗೆ ಹೇಳಬಹುದಿತ್ತು. ಆದರೆ ಹೇಳಿದ ವಿಷಯ ಇವತ್ತಿಗೂ ಅದೇ. ಅಮ್ಮ, ಹಾಗಾದರೆ ಬರಬೇಡ ಎಂದಳು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಆ ಹೆಸರು ತೆಗೆಯಬೇಕಾದರೆ ತೆಗೆಯುತ್ತೇನೆ. ಅವಳನ್ನು ಕೇಳಿ ಹೇಳು.

ಶಿಶಿರ್


ಜೀವನ್ ಬಿಮಾ ನಗರ
೬ ಅಕ್ಟೋಬರ್

ಶಿಶಿರ,

ಕೇಳಿದೆ. ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಹೆಸರು ಇರಲಿ.

ಬರೆಯದೆ ತಿಂಗಳು ಮೇಲಾಯಿತು. ಬರೆಯುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಅವಳಿಗೆ ಸ್ನಾನ, ತಿಂಡಿ, ಆಮೇಲೆ ನನ್ನ ಆಫೀಸು. ಮಧ್ಯಾಹ್ನ ಪಕ್ಕದ ಮನೆಯವರು ಇಣುಕಿ ನೋಡುತ್ತಾರೆ. ಸಂಜೆ ಬಂದರೆ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಕಾಲು ಎಳೆಯುವ ಸದ್ದು ಮನೆಯೆಲ್ಲ. ಕೂರಮ್ಮಾ ಎಂದರೆ ಕೂರುವುದಿಲ್ಲ. ನಾನೂ ಕೂರುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿರುತ್ತೇನೆ. ಮೊನ್ನೆ ಅವಳ ಮೇಲೆ ರೇಗಿದೆ. ಅವಳು ಸುಮ್ಮನೆ ನನ್ನ ತಲೆಗೂದಲು ಮುಟ್ಟಿ ನೋಡಿದಳು. ನರೆತಿದೆ, ಬಣ್ಣ ಹಚ್ಚುವುದು ಬಿಟ್ಟಿದ್ದೇನೆ.

ಆಫೀಸಿನಲ್ಲಿ ಒಂದು ವಿಷಯ ನಡೆದಿತ್ತು. ಬಿಡು, ಅದು ಮುಗಿಯಿತು.

ನಾಜಿಶ್ ಕೇಳಿದ್ದಾರೆ, ಪಟ್ಟಿಯಲ್ಲಿರುವ ಪದಗಳಷ್ಟೇ ಅಲ್ಲದೆ ಅವಳಿಗೆ ಬೇಕಾದ್ದನ್ನು ಜೋಡಿಸಲು ಪೂರ್ತಿ ಅಕ್ಷರಮಾಲೆಯನ್ನೇ ಕೊಡಲು ಆಗುತ್ತದಾ ಎಂದು. ಒಂದರ ಮೇಲೊಂದು ಎಳೆದರೆ ಒತ್ತಕ್ಷರ ಆಗುವ ಹಾಗೆ.

ವಿಭಾ


ಕಗ್ಗದಾಸಪುರ
೨೨ ಅಕ್ಟೋಬರ್

ಅಕ್ಕ,

ಆ ಗುರುವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಈಗ ನಾನು ಬರೆಯುವ ಸರದಿ.

ಅಮ್ಮ ಕಾಣುತ್ತಿಲ್ಲ ಎಂದು ನೀನು ಫೋನ್ ಮಾಡಿದಾಗ ನಾನು ಚಪ್ಪಲಿ ಮೆಟ್ಟಿಕೊಳ್ಳದೆ ಗಾಡಿ ತೆಗೆದಿದ್ದೆ. ನಾವಿಬ್ಬರೂ ಹಲಸೂರು ಕೆರೆಯ ಸುತ್ತ, ನಾಜಿಶ್ ಅವರ ಕ್ಲಿನಿಕ್ಕು, ದೇವಸ್ಥಾನ ಎಂದು ಹುಡುಕುತ್ತಿದ್ದಷ್ಟು ಹೊತ್ತು ಅವಳು ನನ್ನ ಮನೆಯ ಮೆಟ್ಟಿಲ ಮೇಲೇ ಕೂತಿದ್ದಳು. ಬೈಲಪ್ಪನವರು ಫೋನ್ ಮಾಡಿದ್ದರಿಂದ ತಿಳಿಯಿತು. ಅಲ್ಲಿಗೆ ಹೇಗೆ ಬಂದಳು ಎಂದು ನೀನು ಕೇಳಲಿಲ್ಲ. ಆಟೊದ ಹಾಶಿಮ್ ಮಾರನೆಯ ದಿನ ಅವಳನ್ನು ನೋಡಿ ಹೋಗಲು ಬಂದಿದ್ದ, ಅವಳನ್ನು ಇಳಿಸಿದ ಕಂಡಕ್ಟರಿಂದ ಕೇಳಿದ್ದನ್ನೂ ಸೇರಿಸಿ ಅವನು ಹೇಳಿದ್ದನ್ನು ಬರೆಯುತ್ತೇನೆ.

ಹಳೇ ಮದ್ರಾಸು ರಸ್ತೆಯವರೆಗೆ ನಡೆದು, ಸಿಕ್ಕಿದ ಬಸ್ಸು ಹತ್ತಿದ್ದಾಳೆ. ಕಂಡಕ್ಟರು ಎಲ್ಲಿಗೆ ಎಂದರೆ ಫೋನು ತೋರಿಸಿದ್ದಾಳೆ. ಅದರಲ್ಲಿ ಜೋಡಿಸಿಟ್ಟುಕೊಂಡಿದ್ದು ‘ಕಗ್ಗದಾಸಪುರ’. ಗಕ್ಕೆ ಒತ್ತು ಇದೆ ಎಂದು ನಾನು ಪರೀಕ್ಷೆಗೆ ಹಾಕಿದ್ದ ಪದ, ನನ್ನ ಕಾಗದಗಳ ತಲೆಯಲ್ಲೂ ಅವಳು ನೋಡಿರಬೇಕು. ಹಿಂದಿನ ವಾರವೆಲ್ಲ ಅವಳು ಅದೊಂದನ್ನೇ ಜೋಡಿಸುತ್ತಿದ್ದುದು ನನ್ನ ಪರದೆಯಲ್ಲಿ ಕಂಡಿತ್ತು. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತಪ್ಪು ಹುಡುಕುತ್ತಾ ಕೂತಿದ್ದೆ.

ಈ ಬಸ್ಸು ಅಲ್ಲಿಗೆ ಹೋಗುವುದಿಲ್ಲ ಎಂದು ಕಂಡಕ್ಟರು ಟಿನ್ ಫ್ಯಾಕ್ಟರಿಯಲ್ಲಿ ಇಳಿಸಿದ್ದಾನೆ. ಅಲ್ಲಿಯ ಗದ್ದಲ ನಿನಗೆ ಗೊತ್ತಲ್ಲ, ಕಾಲು ಗಟ್ಟಿ ಇರುವವರೇ ರಸ್ತೆ ದಾಟಲಾರರು. ಅವಳು ಕಂಬ ಹಿಡಿದು ನಿಂತು ಹೋಗುವ ಬರುವವರಿಗೆಲ್ಲ ಫೋನು ಚಾಚುತ್ತಿದ್ದಳಂತೆ. ಏನೋ ಸಹಾಯ ಕೇಳುವವಳು ಎಂದುಕೊಂಡು ಜನ ಸರಿದು ಹೋದರಂತೆ. ಹಾಶಿಮ್ ನಿಲ್ಲಿಸಿ ಓದಿದ. ‘ಬೇಡ, ಬೇಡ ಅಂತಾನೇ ಹತ್ತಿ ಕೂತ್ಬಿಟ್ರು ಸಾರ್. ಇಳೀರಿ ಅಂದ್ರೆ ನನ್ ಸೀಟ್ ಕಂಬೀನ ಗಟ್ಟಿಯಾಗಿ ಹಿಡ್ಕೊಂಡ್ರು’ ಎಂದ. ಇಲ್ಲಿ ಬಂದ ಮೇಲೆ ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ಜೋಡಿಸಿ ಅವನಿಗೆ ಕೊಟ್ಟಿದ್ದಾಳೆ. ಅವನು ಬೇಕರಿ, ಹಾಲಿನ ಅಂಗಡಿ ಎಂದು ವಿಚಾರಿಸುತ್ತಾ ಬಂದು ಬೈಲಪ್ಪನವರ ಎದುರು ನಿಲ್ಲಿಸಿದ. ಊರು ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವವರು ಅವರು, ಬಾಡಿಗೆಯವರ ಹೆಸರೆಲ್ಲ ಬಾಯಲ್ಲೇ ಇರುತ್ತದೆ.

ನೀನು ಕರೆದುಕೊಂಡು ಹೋಗಲು ಕೈ ಹಿಡಿದಾಗ ಅವಳು ಬೇಡ ಎಂದಳು. ಅವತ್ತಿನ ಬೇಡ ಯಾವುದೆಂದು ನಮಗಿಬ್ಬರಿಗೂ ಗೊತ್ತಾಯಿತು. ನೀನು ಮುಖ ತಿರುಗಿಸಿಕೊಂಡು, ಬಂದಿದ್ದ ಆಟೊದಲ್ಲೇ ವಾಪಸು ಹೋದೆ. ಇಲ್ಲಿ ಅವಳು ಚೆನ್ನಾಗಿದ್ದಾಳೆ. ಹಗಲು ಬೈಲಪ್ಪನವರ ಹೆಂಡತಿ ಪಟಾಲಮ್ಮನವರು ಜೊತೆಗಿರುತ್ತಾರೆ, ನಾನೂ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅವಳ ಸೀರೆ, ಮಾತ್ರೆ ಕಳಿಸಿದ್ದೀಯ. ಒಂದು ಸಾಲೂ ಬರೆದಿಲ್ಲ. ಬೈದಾದರೂ ಬರಿ.

ಶಿಶಿರ್


ಜೀವನ್ ಬಿಮಾ ನಗರ
೨೯ ಅಕ್ಟೋಬರ್

ಶಿಶಿರ,

ಬೈಯುವುದಕ್ಕೆ ಏನಿದೆ. ಮಗನನ್ನು ನೋಡಬೇಕು ಅನಿಸಿತು, ಹೋದಳು. ಆರು ತಿಂಗಳು ಅವಳ ತಲೆ ಬಾಚಿದವಳು ನಾನು, ಊಟ ಮಾಡಿಸಿದವಳು ನಾನು, ಅವಳು ಆ ಕಾಲಿನಲ್ಲಿ ಬಸ್ಸು ಹತ್ತಿ ಹುಡುಕಿಕೊಂಡು ಹೋಗಿದ್ದು ನಿನ್ನನ್ನು. ಸಂತೋಷ. ನಿಜವಾಗಿ ಹೇಳುತ್ತಿದ್ದೇನೆ.

ಮನೆಯಲ್ಲಿ ಸದ್ದಿಲ್ಲ. ಬೆಳಿಗ್ಗೆ ಇಬ್ಬರಿಗೆ ಕಾಫಿ ಬೆರೆಸಿದೆ, ಎರಡನ್ನೂ ನಾನೇ ಕುಡಿದೆ. ಆಫೀಸಿನಿಂದ ಬೇಗ ಬಂದರೂ ಮಾಡಲು ಏನೂ ಇಲ್ಲ, ಇಂದಿರಾನಗರದ ಮೆಟ್ರೊ ನಿಲ್ದಾಣದಲ್ಲಿ ಸುಮ್ಮನೆ ಕೂತು ರೈಲು ನೋಡಿ ಬಂದೆ.

ರಾತ್ರಿ ಮಾತ್ರೆ ಮರೆಯಬೇಡ. ಬಿಳಿಯದು ಊಟದ ಮೊದಲು.

ವಿಭಾ


ಕಗ್ಗದಾಸಪುರ
೧೦ ನವೆಂಬರ್

ಅಕ್ಕ,

ಒಂದು ಪದದ ಅರ್ಥ ಬೇಕು.

ನಾಜಿಶ್ ಹೇಳಿದ ಪೂರ್ತಿ ಅಕ್ಷರಮಾಲೆ ಮುಗಿಸಿ ಅಮ್ಮನಿಗೆ ಕೊಟ್ಟೆ. ಮೊದಲು ನಾನೇ ಮಾತು ತೆಗೆದೆ. ಮುಂದಿನ ವಾರ ಅಪ್ಪನ ತಿಥಿ. ಇಷ್ಟು ದೂರ ಬಂದಿದ್ದು ಅದಕ್ಕೇ ಇರಬೇಕು ಎಂದುಕೊಂಡು, ‘ಅಮ್ಮಾ, ಈ ಸಲಾನೂ ನನ್ ಕೈಲಿ ಆಗಲ್ಲ. ಅದಕ್ಕೇ ಬಂದಿದ್ರೆ ಈಗ್ಲೇ ಹೇಳ್ಬಿಡ್ತೀನಿ’ ಎಂದೆ. ಅವಳು ನೊಣ ಓಡಿಸುವ ಹಾಗೆ ಕೈ ಬೀಸಿದಳು. ಇಷ್ಟು ದಿನ ನಾನು ಹೊತ್ತುಕೊಂಡು ತಿರುಗಿದ್ದನ್ನು ಹಾಗೆ ಬೀಸಿಬಿಟ್ಟಳು ಅಕ್ಕ. ಆಮೇಲೆ ಫೋನು ತೆಗೆದುಕೊಂಡು ತುಂಬ ಹೊತ್ತು ಹುಡುಕಿ ಹುಡುಕಿ ಒಂದು ವ ಇಟ್ಟಳು. ರ ಎಳೆದಳು, ಅದರ ಮೇಲೆ ಗ ಹಾಕಿದಳು. ವರ್ಗ. ಅದರ ಪಕ್ಕ ನಿನ್ನ ಹೆಸರು.

‘ವರ್ಗ ವಿಭಾ’ ಎಂದರೇನು? ಯಾವ ತರಗತಿ ಎಂದು ಕೇಳಿದೆ, ತಲೆ ಅಲ್ಲಾಡಿಸಿದಳು. ಲೆಕ್ಕದ ವರ್ಗವಾ ಎಂದೆ, ನನ್ನ ಕೈಗೆ ಏಟು ಕೊಟ್ಟಳು. ಹೊಸ ಪ್ರೋಗ್ರಾಂ ತಪ್ಪು ಅಕ್ಷರ ಕೊಡುತ್ತಿದೆಯೇನೋ ಎಂದು ಅದನ್ನೂ ನೋಡಿದೆ. ಅದು ಸರಿ ಇದೆ. ದಿನಕ್ಕೆ ನಾಲ್ಕು ಸಲ ಅದನ್ನೇ ಜೋಡಿಸಿ ನನ್ನ ಮುಖದ ಮುಂದೆ ಹಿಡಿಯುತ್ತಾಳೆ. ನಿನಗೇನಾದರೂ ಹೊಳೆಯುತ್ತದಾ?

ಶಿಶಿರ್


ಜೀವನ್ ಬಿಮಾ ನಗರ
೧೫ ನವೆಂಬರ್

ಶಿಶಿರ,

ನಿನ್ನ ಕಾಗದ ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎದ್ದು ಬರೆಯಲು ಈಗ ಆಯಿತು.

ವರ್ಗ ಅಂದರೆ ಟ್ರಾನ್ಸ್‌ಫರ್. ಅಪ್ಪನ ಕಾಲದಲ್ಲಿ ಮನೆ ಮಾತಿನಲ್ಲಿ ಹಾಗೇ ಅನ್ನುತ್ತಿದ್ದರು, ‘ವರ್ಗ ಆಯ್ತು’ ಎಂದು. ನೀನು ಹುಟ್ಟುವ ಹೊತ್ತಿಗೆ ಅಪ್ಪ ಬೆಂಗಳೂರಿನಲ್ಲೇ ನಿಂತಿದ್ದರು, ನಿನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ. ನನ್ನ ಬಾಲ್ಯದಲ್ಲಿ ಆ ಪದ ಕೇಳಿದರೆ ಅಮ್ಮ ಟ್ರಂಕು ಇಳಿಸುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ನನಗೆ ಬಡ್ತಿ ಬಂತು. ಬಳ್ಳಾರಿಗೆ, ಆ ಶಾಖೆ ನೋಡಿಕೊಳ್ಳಲು. ಹದಿನೈದು ವರ್ಷದಿಂದ ಬಯಸಿದ್ದು. ನಿನಗೆ ಹೇಳಲಿಲ್ಲ, ಹೇಳಿದರೆ ನಿನ್ನನ್ನು ಏನೋ ಕೇಳಿದ ಹಾಗಾಗುತ್ತಿತ್ತು. ಅಕ್ಟೋಬರ್ ಮೊದಲ ವಾರ ಮ್ಯಾನೇಜರು ಮನೆಗೇ ಫೋನ್ ಮಾಡಿದ್ದರು. ಹಾಲ್‌ನಲ್ಲಿ ನಿಂತು, ‘ಆಗಲ್ಲ ಸಾರ್, ಅಮ್ಮನ್ನ ಬಿಟ್ಟು ನಾನೆಲ್ಲಿಗೂ ಹೋಗಕ್ಕಾಗಲ್ಲ’ ಎಂದೆ. ಫೋನ್ ಇಟ್ಟು ತಿರುಗಿದರೆ ಅಮ್ಮ ಸೋಫಾದಲ್ಲಿ ಒಂದು ಕೈಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಿರಲಿಲ್ಲ. ಕೇಳಿಸಿರಲಾರದು ಎಂದುಕೊಂಡೆ.

ನಿನ್ನನ್ನು ನೋಡಲು ಹೊರಟಿದ್ದಲ್ಲ ಶಿಶಿರ, ಬೇಜಾರು ಮಾಡಿಕೊಳ್ಳಬೇಡ. ನೋಡುವ ಆಸೆಯೂ ಇದ್ದಿರಬಹುದು. ಆದರೆ ಅವಳು ಮನೆ ಬಿಟ್ಟದ್ದು ನನ್ನ ದಾರಿಯಿಂದ ಸರಿಯಲು. ಹೇಳಲು ಬಾಯಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಅದಕ್ಕೆ ಹೊರಟೇಬಿಟ್ಟಳು. ಟಿನ್ ಫ್ಯಾಕ್ಟರಿಯಲ್ಲಿ ಕಂಬ ಹಿಡಿದು ನಿಂತಿದ್ದಳು ಎಂದು ನೀನು ಬರೆದಿದ್ದೆಯಲ್ಲ, ಈಗ ಅದನ್ನು ಮತ್ತೆ ಓದಿದೆ. ಆಗ ಓದಿದಾಗ ಅವಳ ಮೇಲೆ ಕೋಪವಿತ್ತು.

ಇನ್ನೊಂದು ಮಾತು ನಿನಗೆ ಮಾತ್ರ. ಆಗಲ್ಲ ಸಾರ್ ಎಂದು ಹೇಳಿದಾಗ ಒಳಗೆಲ್ಲೋ ಹಗುರವಾಗಿತ್ತು. ಒಬ್ಬಳೇ ಹೋಗಿ ಬದುಕುವ ಹೆದರಿಕೆಗೆ ಅಮ್ಮ ಒಳ್ಳೆಯ ನೆಪವಾಗಿದ್ದಳು. ಈಗ ಆ ನೆಪವನ್ನೂ ಚೀಲಕ್ಕೆ ಹಾಕಿಕೊಂಡು ನಿನ್ನ ಮನೆಗೆ ಬಂದು ಕೂತಿದ್ದಾಳೆ.

ಜಾಗ ಇನ್ನೂ ಖಾಲಿ ಇದೆಯಂತೆ. ಸೋಮವಾರ ಮ್ಯಾನೇಜರ ಹತ್ತಿರ ಹೋಗುತ್ತೇನೆ. ಏನು ಹೇಳುತ್ತೇನೆ ಎಂದು ನನಗೇ ಗೊತ್ತಿಲ್ಲ.

ವಿಭಾ


ಬಳ್ಳಾರಿ
೨೨ ಡಿಸೆಂಬರ್

ಶಿಶಿರ,

ಬಂದು ಮೂರನೆಯ ಭಾನುವಾರ. ಮನೆ ಎರಡನೆಯ ಮಹಡಿಯಲ್ಲಿ, ಮಧ್ಯಾಹ್ನ ಕಾವಲಿಯ ಹಾಗೆ ಕಾಯುತ್ತದೆ. ಡಿಸೆಂಬರ್ ಎಂದು ಇಲ್ಲಿಯ ಬಿಸಿಲಿಗೆ ಯಾರೂ ಹೇಳಿಲ್ಲ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಮೇಡಂ ಎಂದು ಎದ್ದು ನಿಲ್ಲುತ್ತಾರೆ, ಕೂರಿ ಎಂದು ಹೇಳುವುದರಲ್ಲೇ ಬೆಳಿಗ್ಗೆ ಮುಗಿಯುತ್ತದೆ. ಕೆಲಸ ಬರುತ್ತದೆ. ನನಗೆ ಬರುತ್ತದೆ ಎಂದು ಗೊತ್ತೇ ಇರಲಿಲ್ಲ.

ಸಂಜೆಯೇ ಕಷ್ಟ. ಬೀಗ ತೆಗೆದು ಒಳಗೆ ಬಂದರೆ ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದಿಲ್ಲ. ಕೋಣೆಯಿಂದ ಕೋಣೆಗೆ ನಡೆಯುತ್ತೇನೆ. ಮೊನ್ನೆ ಗೊತ್ತಾಯಿತು, ನಾನು ಅಮ್ಮನ ಹಾಗೆ ಒಂದು ಕೈಯಲ್ಲಿ ಗೋಡೆ ಸವರಿಕೊಂಡು ನಡೆಯುತ್ತಿದ್ದೆ.

ಅವಳಿಗೆ ಇದನ್ನು ಓದಿ ಹೇಳಬೇಡ. ಮಾರ್ಚಿನಲ್ಲಿ ವಾಪಸು ಕೇಳಲು ಅವಕಾಶವಿದೆಯಂತೆ, ಅರ್ಜಿ ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ.

ನಿನ್ನ
ಅಕ್ಕ


ಕಗ್ಗದಾಸಪುರ
೭ ಜನವರಿ ೨೦೨೫

ಅಕ್ಕ,

ಓದಿ ಹೇಳಬೇಡ ಎಂದೆ, ನಾನು ಹೇಳಲಿಲ್ಲ. ಕಾಗದ ಮೇಜಿನ ಮೇಲಿತ್ತು. ಅವಳಿಗೆ ಓದಲು ಬರುತ್ತದೆ ಎಂದು ನಾವಿಬ್ಬರೂ ಎಷ್ಟು ಸಲ ಮರೆಯುತ್ತೇವೆ. ಮೂರು ದಿನ ಕೂತು ಇದನ್ನು ಜೋಡಿಸಿದ್ದಾಳೆ. ಪದಗಳ ನಡುವೆ ಜಾಗ ಬಿಟ್ಟಿದ್ದು ಮಾತ್ರ ನಾನು, ಉಳಿದದ್ದು ಮುಟ್ಟಿಲ್ಲ.

ಶಿಶಿರ್

ವಿಭಾ
ಶುಕ್ರವಾರ ರೈಲು
ಒಬ್ಬಳೇ ಅಂದೆ ಇವನು ಕೇಳಲ್ಲ
ಮಂಚ ಒಂದು ಸಾಕು ನಾನು ಕೆಳಗೆ
ಅಡುಗೆ ನೀನು
ಇವನು ಸಾರು ಉಪ್ಪು
ಬಿಸಿಲು ಇರಲಿ
ಊರು ನೋಡಬೇಕು ಆಫೀಸು ನೋಡಬೇಕು
ನಿನ್ನ ಕುರ್ಚಿ
ಎರಡು ದಿನ
ಆಮೇಲೆ ನಾನು ವಾಪಸು
ನೀನು ಅಲ್ಲೇ
ಅಮ್ಮ